ಚೌತಿಯಂದು ಚಂದ್ರನನ್ನು ಎಣಿಸಿದ ಪ್ರಸಂಗ

ಬಾಗಲಗುಂಟೆಯ ಕೃಷ್ಣಮ್ಮನವರ ವಠಾರದಲ್ಲಿ ಚಂದ್ರನಿಗೆ ಸಂಬಂಧಿಸಿದ ಯಾವ ಸಂಗತಿಯೂ ಪರಮಾನಂದನನ್ನು ಕೇಳದೆ ತೀರ್ಮಾನವಾಗುತ್ತಿರಲಿಲ್ಲ. ಅಮಾವಾಸ್ಯೆ ಯಾವಾಗ ಎಂದು ಕ್ಯಾಲೆಂಡರಿನಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರೂ ಅವನ ಕಿವಿಗೊಂದು ಮಾತು ಹಾಕಿಯೇ ಮುಂದುವರಿಯುತ್ತಿದ್ದರು. ಇದು ಮೂರು ವಾರದಿಂದ ಈಚಿನ ಮರ್ಯಾದೆ. ಅದಕ್ಕೆ ಮೊದಲು ನಲ್ಲಿ ನೀರಿನ ಸರದಿಯ ವಿಷಯದಲ್ಲೂ ಅವನನ್ನು ಯಾರೂ ಕೇಳಿದವರಲ್ಲ.

ಪರಮಾನಂದ ಇಳಕಲ್ಲಿನ ಕಡೆಯವನು. ಅಪ್ಪ ಅಲ್ಲಿನ ಕಲ್ಲಿನ ಕ್ವಾರಿಯಲ್ಲಿದ್ದ. ಮಗ ಪೀಣ್ಯ ಎರಡನೇ ಹಂತಕ್ಕೆ ಬಂದು, ಸಿದ್ದರಾಮಪ್ಪನವರ ಟೆಸ್ಟಿಂಗ್ ಲ್ಯಾಬಿನಲ್ಲಿ ಪಾಲಿಶ್ ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ಕಾರ್ಖಾನೆಗಳಿಂದ ಬರುವ ಬೋಲ್ಟು, ಗೇರುಗಳ ಚೂರನ್ನು ಅಂಟಿನಲ್ಲಿ ಕೂರಿಸಿ, ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಮೈಕ್ರೋಸ್ಕೋಪಿನ ಕೆಳಗೆ ಇಡುವುದು ಅವನ ಕೆಲಸ. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ಸು ದಿನವಿಡೀ ದಡಲ್ ದಡಲ್ ಎಂದು ಬಡಿಯುತ್ತಿದ್ದರೂ ಅವನ ಕೈ ಕೂದಲೆಳೆಯಷ್ಟೂ ನಡುಗದು. ಬುದ್ಧಿಯ ವಿಷಯದಲ್ಲಿ ಅಷ್ಟು ಖಾತ್ರಿಯಾಗಿ ಹೇಳಲಾರೆ.

ಇಂಥವನ ಕೈಗೆ ಚಂದ್ರ ಬಂದದ್ದು ಹೀಗೆ. ಒಂದು ದೊಡ್ಡ ಸಂಶೋಧನಾ ಸಂಸ್ಥೆಗೆ ಹೊರದೇಶದವರು ಚಂದ್ರನ ಕಲ್ಲಿನ ಹನ್ನೆರಡು ಕಣಗಳನ್ನು ಅಧ್ಯಯನಕ್ಕೆಂದು ಎರವಲು ಕೊಟ್ಟಿದ್ದರು. ಅವನ್ನೂ ಅಂಟಿನಲ್ಲಿ ಕೂರಿಸಿ ಪಾಲಿಶ್ ಮಾಡಬೇಕಿತ್ತು. ಆದರೆ ಸಂಸ್ಥೆಯ ಯಂತ್ರ ಕೆಟ್ಟು ಕೂತಿತ್ತು. ನಾಲ್ಕು ಲಕ್ಷ ಕಿಲೋಮೀಟರು ದೂರದಿಂದ ಕಲ್ಲು ಬಂತು, ಯಂತ್ರಕ್ಕೆ ಬೇಕಾದ ಬೆಲ್ಟು ಮಾತ್ರ ಬರಲಿಲ್ಲ. ಕೊನೆಗೆ ಯಾರೋ ಪೀಣ್ಯದಲ್ಲೊಬ್ಬ ಕೈ ನಡುಗದವನಿದ್ದಾನೆ ಎಂದರು. ಹಾಗಾಗಿ ಚಂದ್ರ ಇನ್ನೋವಾ ಕಾರಿನಲ್ಲಿ ಕೂತು, ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡು, ಸಿದ್ದರಾಮಪ್ಪನವರ ಲ್ಯಾಬಿಗೆ ಬಂದಿಳಿದ.

ಕಾರಿನಿಂದ ಇಳಿದದ್ದು ಅಂಗೈಯಗಲದ ಒಂದು ಕರಿಯ ತಟ್ಟೆ. ಅದರಲ್ಲಿ ಸಾಲಾಗಿ ಹನ್ನೆರಡು ಪುಟ್ಟ ಗುಳಿ, ಗುಳಿಗೊಂದು ಕಣ, ಕೆಳಗೆ ಗಾಜಿನ ತಳ, ಮೇಲೆ ಬೀಗವಿರುವ ಗಾಜಿನ ಮುಚ್ಚಳ. ಇರುವೆಗಳಿಗೆಂದು ಅಳಗುಳಿಮಣೆ ಮಾಡಿಸಿದ ಹಾಗಿತ್ತು. ಕಣಗಳೋ ರವೆಯ ಕಾಳಿಗಿಂತ ಸಣ್ಣವು. ಜೊತೆಗೆ ಬಂದಿದ್ದ ಸಂಸ್ಥೆಯ ಅಧಿಕಾರಿ ಪ್ರಸನ್ನ, ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಲು ಪರಮಾನಂದನಿಗೆ ಅವಕಾಶ ಕೊಟ್ಟು, ‘ಏನನ್ಸತ್ತೆ?’ ಎಂದು ಕೇಳಿದರು.

‘ಕಲ್ಲ ಅದಾವ್ರಿ ಸರ,’ ಎಂದ ಪರಮಾನಂದ.

‘ಮತ್ತಿನ್ನೇನು, ಸಾಬೂದಾನ ಅಂದ್ಕೊಂಡಿದ್ರಾ?’ ಎಂದು ಪ್ರಸನ್ನ ಸಿಡುಕಿದರು.

ತಟ್ಟೆಯ ಜೊತೆಗೆ ಒಂದು ರಿಜಿಸ್ಟರೂ ಬಂದಿತ್ತು. ದಿನಕ್ಕೊಮ್ಮೆ ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಿ, ಎಷ್ಟು ಕಣ ಇವೆ ಎಂದು ಬರೆಯಬೇಕು. ಎಣಿಸಿದವರು ಪರಮಾನಂದ, ಪರಿಶೀಲಿಸಿದವರು ಸಿದ್ದರಾಮಪ್ಪ, ದೃಢೀಕರಿಸಿದವರು ಪ್ರಸನ್ನ. ಮೂರು ಸಹಿ. ರಜೆಯ ದಿನವೂ ತಪ್ಪುವಂತಿಲ್ಲ. ಬೀಗದ ಕೈ ಪರಮಾನಂದನ ಉಡಿದಾರದಲ್ಲಿ.

ಅವತ್ತು ಮನೆಗೆ ಹೋದವನೇ ಅವನು ಹೆಂಡತಿ ಮಹಾದೇವಿಗೆ, ‘ಚಂದ್ರನ ಇನ್‌ಚಾರ್ಜ್ ಈಗ ನಾನ,’ ಎಂದ. ಗೋಡೆ ತೆಳ್ಳಗಿದ್ದುದರಿಂದ ಅರ್ಧ ಗಂಟೆಯೊಳಗೆ ವಠಾರದ ಒಂಬತ್ತೂ ಮನೆಗೆ ಗೊತ್ತಾಯಿತು. ಪರಮಾನಂದ ಅದನ್ನು ತಡೆಯುವ ಪ್ರಯತ್ನವನ್ನೇನೂ ಮಾಡಲಿಲ್ಲ.

ಮೂರು ವಾರ ಸುಖವಾಗಿ ನಡೆಯಿತು. ಚೌತಿಯ ಹಿಂದಿನ ಸಂಜೆ ನಲ್ಲಿಯ ಹತ್ತಿರ ಮನೆಯೊಡತಿ ಕೃಷ್ಣಮ್ಮನವರು, ‘ಏನಪ್ಪಾ ಪರಮಾನಂದ, ನಾಳೆ ಅಬ್ಬ. ರಜಾನಾ ನಿಂಗೆ?’ ಎಂದು ವಿಚಾರಿಸಿದರು.

‘ಚಂದ್ರನ ಕೆಲಸಕ್ಕ ರಜಾ ಎಲ್ಲೀದ್ರಿ ಅಮ್ಮಾರ? ದಿನಾ ನೋಡಿ ಎಣಿಸಾಕಬೇಕು,’ ಎಂದ ಇವನು, ದೊಡ್ಡ ಮನುಷ್ಯರ ಧಾಟಿಯಲ್ಲಿ.

‘ನಾಳೇನೂ ನೋಡ್ತೀಯಾ? ಚೌತಿ ದಿನ? ಚಂದ್ರನ್ನ?’

ಕೊಡ ತುಂಬಿ ಹರಿಯತೊಡಗಿದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಚೌತಿಯ ದಿನ ಚಂದ್ರನನ್ನು ನೋಡಿದವರಿಗೆ ಮಾಡದ ಕಳ್ಳತನದ ಅಪವಾದ ಬರುತ್ತದೆ ಎಂಬುದನ್ನು ಅಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಪರಮಾನಂದನೂ ಹುಟ್ಟಿದಾಗಿನಿಂದ ಆ ದಿನ ಸಂಜೆ ತಲೆ ತಗ್ಗಿಸಿಯೇ ಓಡಾಡಿದವನು. ಮೂರು ವಾರದ ದೊಡ್ಡಸ್ತಿಕೆಯಲ್ಲಿ ಇದೊಂದು ಮರೆತೇಹೋಗಿತ್ತು.

‘ಅದು ಆಕಾಶದಾಗಿನ ಚಂದ್ರಂದು ಅಮ್ಮಾರ. ಇದು ಬರೇ ಚೂರು,’ ಎಂದು ತೊದಲಿದ.

‘ತೀರ್ಥ ಒಂದು ಉದ್ಧರಣೆ ಆದ್ರೂ ತೀರ್ಥಾನೇ ಅಲ್ವೇನಪ್ಪಾ?’ ಎಂದರು ಕೃಷ್ಣಮ್ಮ.

ಪರಮಾನಂದ ಬಗ್ಗಿ ನಲ್ಲಿ ನಿಲ್ಲಿಸಿದ. ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕೃಷ್ಣಮ್ಮನವರಿಗೆ ತಿಳಿಸಿ. ನೀರಿನಲ್ಲಿ ಬಿದ್ದ ನೆರಳು ನೋಡಿದರೂ ತಪ್ಪೇ, ಹಾಗಾದರೆ ಕಂಪ್ಯೂಟರ್ ಪರದೆಯಲ್ಲಿ ನೋಡಿದರೆ ದುಪ್ಪಟ್ಟು ತಪ್ಪು ಎಂದು ವಠಾರ ಒಮ್ಮತದಿಂದ ತೀರ್ಮಾನಿಸಿತು.

ಒಳಗೆ ಬಂದ ಮೇಲೆ ಮಹಾದೇವಿ ಬಾಗಿಲು ಹಾಕಿಕೊಂಡು, ‘ನೋಡಬ್ಯಾಡ್ರಿ. ಆರನೇ ಮನಿಯವರನ್ನ ಕೃಷ್ಣಮ್ಮ ಬರೇ ಒಂದು ಜೋಡಿ ಚಪ್ಪಲ್ ಕಳುವಾಗಿದ್ದಕ್ಕ ಬಿಡಿಸ್ಯಾಳ. ಅವರ ಕದ್ದಿದ್ದಿಲ್ಲ, ಅದು ಗೊತ್ತದ ನಿಮಗ. ನಮಗ ಈಗ ಬ್ಯಾರೆ ಮನಿ ಎಲ್ಲಿ ಸಿಗತದ?’ ಎಂದಳು. ಪರಮಾನಂದನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಚೌತಿಯ ಬೆಳಿಗ್ಗೆ ಲ್ಯಾಬಿನಲ್ಲಿ ಅವನೂ ಸಿದ್ದರಾಮಪ್ಪನವರೂ ಇಬ್ಬರೇ. ಪರಮಾನಂದ ಮೈಕ್ರೋಸ್ಕೋಪಿನ ಮುಂದೆ ಕೂತ. ಅದಕ್ಕೆ ಜೋಡಿಸಿದ್ದ ಪರದೆ ಆರಿಸಿದ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಕೈಮುಗಿದು, ‘ಹನ್ನೆರಡು’ ಎಂದ. ಆಮೇಲೆ ಎದ್ದು ಬಂದು ರಿಜಿಸ್ಟರಿನಲ್ಲಿ 12 ಎಂದು ಬರೆದು ಸಹಿ ಮಾಡಿದ. ಗಾಜಿನ ಮುಚ್ಚಳಕ್ಕೆ ಬೀಗ, ಬೀಗದ ಕೈ ತನ್ನ ಸೊಂಟದಲ್ಲಿ, ನಿನ್ನೆ ಹನ್ನೆರಡಿದ್ದದ್ದು ಇವತ್ತು ಎಲ್ಲಿಗೆ ಹೋದೀತು? ಹದಿನಾರು ವರ್ಷದಲ್ಲಿ ಅವನು ನೋಡದೆ ಹಾಕಿದ ಮೊದಲ ಸಹಿ ಅದು.

ಚಂದ್ರನ ಕಣಗಳಿಗೆ ದೇವರ ದೃಷ್ಟಿ ಬೀಳಲಿ ಎಂದು ಸಿದ್ದರಾಮಪ್ಪನವರು ಮಣ್ಣಿನ ಗಣಪನನ್ನು ಮೈಕ್ರೋಸ್ಕೋಪಿನ ಬೆಂಚಿನ ಮೇಲೇ ತಂದು ಕೂರಿಸಿದರು. ಗಣಪನಿಗೂ ಚಂದ್ರನಿಗೂ ಪುರಾಣಕಾಲದಿಂದ ಮಾತುಕತೆ ಇಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಮಂಗಳಾರತಿಯಾಯಿತು. ತೆಂಗಿನಕಾಯಿ ಬಹಳ ಗಟ್ಟಿ. ಬೆಂಚಿನ ಮೂಲೆಗೆ ಕುಟ್ಟಿದರು, ಒಡೆಯಲಿಲ್ಲ. ಮತ್ತೆ ಕುಟ್ಟಿದರು. ಮೂರನೆಯ ಸಲ ‘ಹರಹರಾ’ ಎಂದು ಕುಟ್ಟಿದಾಗ ಕಾಯಿ ಒಡೆಯಿತು, ಗಣಪನ ಕೊರಳ ಗರಿಕೆ ಕೆಳಗೆ ಬಿತ್ತು. ಆಮೇಲೆ ಅವರು ಮೈಕ್ರೋಸ್ಕೋಪಿನ ಕೋಣೆಯ ಬಾಗಿಲು ಹಾಕಿಕೊಂಡು ಐದು ನಿಮಿಷ ಒಳಗಿದ್ದು, ಕನ್ನಡಕ ಒರೆಸಿಕೊಳ್ಳುತ್ತ ಹೊರಗೆ ಬಂದು ಸಹಿ ಹಾಕಿದರು. ಮಧ್ಯಾಹ್ನ ಪ್ರಸನ್ನ ಬಂದರು. ಅವರೂ ಬಾಗಿಲು ಹಾಕಿಕೊಂಡರು, ಅವರೂ ಐದು ನಿಮಿಷಕ್ಕೆ ಹೊರಬಂದು ಸಹಿ ಹಾಕಿ, ಕಡುಬು ತಿಂದು ಹೋದರು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಪ್ರಸನ್ನರ ಜೊತೆ ಸಂಸ್ಥೆಯ ಸಂಶೋಧಕಿ ಸ್ಪೂರ್ತಿ ಬಂದಳು. ಕಲ್ಲಿನ ವಿಷಯದಲ್ಲಿ ಓದಿದವಳು, ಹಬ್ಬಕ್ಕೆ ದಾವಣಗೆರೆಗೆ ಹೋಗಿದ್ದು ಆಗಷ್ಟೇ ಬಸ್ಸಿಳಿದಿದ್ದಳು. ಸಂಜೆ ಐದಕ್ಕೆ ಹೊರದೇಶದವರಿಗೆ ವಿಡಿಯೋದಲ್ಲಿ ಹನ್ನೆರಡೂ ಕಣ ತೋರಿಸಬೇಕು, ಅವರು ಒಪ್ಪಿದರೆ ನಾಳೆಯಿಂದ ಪಾಲಿಶ್. ಪ್ರಸನ್ನ ಪರದೆ ಹಾಕಿ ಒಂದೊಂದೇ ಗುಳಿಯನ್ನು ಬೇಗ ಬೇಗ ಸರಿಸುತ್ತ ಎಣಿಸಿದರು. ಐದು, ಆರು, ಏಳು.

ಎಂಟನೇ ಗುಳಿ ಖಾಲಿ.

‘ಯಾರೂ ಏನೂ ಮುಟ್ಬೇಡಿ!’ ಎಂದು ಪ್ರಸನ್ನ ಕೂಗಿದರು. ಉಳಿದ ನಾಲ್ಕನ್ನು ನೋಡಿ, ಹನ್ನೊಂದೇ ಇವೆ ಎಂದು ಖಾತ್ರಿಮಾಡಿಕೊಂಡು, ತಟ್ಟೆಯನ್ನು ಚೀಲಕ್ಕೆ ಹಾಕಿ, ಅರಗು ಕರಗಿಸಿ ಸೀಲು ಒತ್ತಿ, ಸಾಕ್ಷಿ ಎಂದು ಬರೆದು ಕಪಾಟಿನಲ್ಲಿಟ್ಟರು. ಸ್ಪೂರ್ತಿ, ‘ಸಾರ್, ನಾನೊಂದ್ಸಲ ಸರಿಯಾಗಿ ನೋಡ್ಲಾ?’ ಎಂದಳು. ‘ಸೀಲ್ ಆಗಿದೆ ಮೇಡಂ. ಸೀಲ್ ಆದ್ಮೇಲೆ ಮುಗೀತು,’ ಎಂದರು.

ಆಮೇಲೆ ಎಲ್ಲರೂ ಪರಮಾನಂದನ ಕಡೆ ತಿರುಗಿದರು. ಮುಚ್ಚಳದ ಬೀಗ ಹಾಗೇ ಇತ್ತು. ಬೀಗದ ಕೈ ಇವನ ಸೊಂಟದಲ್ಲಿತ್ತು.

‘ಎಲ್ಲಯ್ಯಾ?’ ಎಂದರು ಸಿದ್ದರಾಮಪ್ಪ. ಹದಿನಾರು ವರ್ಷದಲ್ಲಿ ಅವರು ಅವನನ್ನು ಆ ದನಿಯಲ್ಲಿ ಮಾತನಾಡಿಸಿರಲಿಲ್ಲ.

‘ನನಗ ಗೊತ್ತಿಲ್ರಿ ಸಾವ್ಕಾರ್ರ.’

‘ನೆನ್ನೆ ಹನ್ನೆರಡು ಅಂತ ಬರೆದಿದ್ದೀಯಲ್ಲ? ನೋಡಿ ತಾನೇ ಬರೆದದ್ದು?’

ನೋಡಿದೆ ಎಂದರೆ ಚೌತಿಯ ಚಂದ್ರನನ್ನು ನೋಡಿದವನಾಗುತ್ತಾನೆ, ಅಪವಾದ ತಾನಾಗಿಯೇ ಹೆಗಲೇರುತ್ತದೆ. ನೋಡಿಲ್ಲ ಎಂದರೆ ಸುಳ್ಳು ಸಹಿ, ಕೆಲಸ ಹೋಗುತ್ತದೆ. ಅವನು ಸುಮ್ಮನೆ ತಲೆಯಾಡಿಸಿದ. ಅದು ಹೌದೋ ಅಲ್ಲವೋ ಎಂದು ಯಾರಿಗೂ ತಿಳಿಯಲಿಲ್ಲ.

ಶೋಧನೆ ಶುರುವಾಯಿತು. ಪರಮಾನಂದನ ಜೇಬು ಕೊಡವಿದರು, ರೊಟ್ಟಿ ಕಟ್ಟಿದ ಬಟ್ಟೆ ಕೊಡವಿದರು, ವಿಭೂತಿ ಗಟ್ಟಿಯ ಡಬ್ಬಿ ಬಗ್ಗಿಸಿದರು, ಚಪ್ಪಲಿಯನ್ನು ಬ್ರಷ್ಷಿನಿಂದ ಉಜ್ಜಿದರು, ನೆಲ ಗುಡಿಸಿದರು. ಬಂದ ಧೂಳನ್ನೆಲ್ಲ ಸ್ಪೂರ್ತಿ ಗಾಜಿನ ಪಟ್ಟಿಗಳ ಮೇಲೆ ಹರಡಿ, ಕಣಕ್ಕೊಂದು ನಂಬರು ಕೊಟ್ಟು, ಒಂದೊಂದನ್ನೇ ಮೈಕ್ರೋಸ್ಕೋಪಿನಲ್ಲಿ ನೋಡತೊಡಗಿದಳು.

‘ಇದು ಪೀಣ್ಯ,’ ಎಂದಳು. ಪ್ರಸನ್ನ ಬರೆದುಕೊಂಡರು. ‘ಇದೂ ಪೀಣ್ಯ. ಇದು ಜೋಳದ ಹಿಟ್ಟು. ಇದು ಪೀಣ್ಯ. ಇದು ವಿಭೂತಿ. ಇದು... ಇರಿ, ಇರಿ.’

ಪ್ರಸನ್ನ ಬರೆಯುವ ಪೆನ್ನನ್ನು ಎತ್ತಿ ಹಿಡಿದರು.

‘ಪೀಣ್ಯ.’

‘ಹ್ಯಾಂಗ ಗೊತ್ತಾಗತದ್ರಿ ಮೇಡಂ?’ ಎಂದು ಪರಮಾನಂದ ಕೇಳಿದ. ಕಳ್ಳನಾಗಿದ್ದರೂ ಕಲ್ಲಿನ ವಿಷಯ ಬಂದಾಗ ಅವನಿಗೆ ತಡೆಯಲಾಗಲಿಲ್ಲ.

‘ನಮ್ಮ ಮಣ್ಣಲ್ಲಿ ಬೆಣಚುಕಲ್ಲು ಜಾಸ್ತಿ. ಚಂದ್ರನಲ್ಲಿ ಅದು ಇಲ್ಲ ಅಂತಾನೇ ಹೇಳ್ಬಹುದು. ಅಲ್ಲಿ ನೀರಿಲ್ಲ, ಗಾಳಿಯಿಲ್ಲ, ಅದಕ್ಕೆ ಕಣದ ಅಂಚು ಚೂಪಾಗೇ ಇರತ್ತೆ, ತುಕ್ಕಿನ ಕಲೆ ಇರಲ್ಲ. ಎಂಟನೇದು ಬಿಳೀ ಚೂರು. ಈ ಬೇರೆ ಬೆಳಕು ಹಾಕಿ ತಿರುಗಿಸಿದ್ರೆ ಅದರ ಮೈಮೇಲೆ ಕಪ್ಪು ಬಿಳಿ ಪಟ್ಟಿ ಪಟ್ಟಿ ಕಾಣತ್ತೆ. ಬೆಣಚುಕಲ್ಲಿಗೆ ಆ ಪಟ್ಟಿ ಬರಲ್ಲ.’

‘ಇಳಕಲ್ ಸೀರಿ ದಡಿ ಹಂಗ?’

ಸ್ಪೂರ್ತಿ ಅಂಥ ಹೊತ್ತಿನಲ್ಲೂ ನಕ್ಕಳು. ಪ್ರಸನ್ನ, ‘ಸಾಕ್ಷಿಯ ಬಗ್ಗೆ ಆರೋಪಿ ಹತ್ರ ಚರ್ಚೆ ಬೇಡ ಮೇಡಂ,’ ಎಂದರು. ಮಧ್ಯಾಹ್ನ ಎರಡರ ಹೊತ್ತಿಗೆ ನೂರ ನಲವತ್ತಮೂರು ಕಣಗಳಾದವು. ನೂರ ನಲವತ್ತಮೂರೂ ಭೂಮಿಯವೇ.

ಈ ನಡುವೆ ಪರಮಾನಂದನ ಫೋನು ಬಡಿದುಕೊಂಡಿತು. ಬೆಳಿಗ್ಗೆಯೇ ಅವನು ಹೆಂಡತಿಗೆ ವಿಷಯ ತಿಳಿಸಿದ್ದ. ಅವಳು ಅತ್ತಿದ್ದಳು. ಗೋಡೆ ತೆಳ್ಳಗಿತ್ತು. ಫೋನಿನಲ್ಲಿ ಈಗ ಬಂದದ್ದು ಕೃಷ್ಣಮ್ಮನವರ ದನಿ.

‘ನಾನೇಳ್ಲಿಲ್ವೇನೋ ನೋಡ್ಬ್ಯಾಡ ಅಂತ? ನೋಡ್ಬುಟ್ಟೆ! ಈಗ ನೋಡು, ನನ್ ವಠಾರಕ್ಕೇ ಕೆಟ್ಟೆಸ್ರು. ಸಂಜೆಯೊಳ್ಗೆ ಇತ್ಯರ್ಥ ಆಯ್ತಾ ಸರಿ. ಇಲ್ಲಾಂದ್ರೆ ಈ ತಿಂಗ್ಳು ಮುಗೀತಿದ್ದಂಗೆ ಮನೆ ಖಾಲಿ ಮಾಡು.’

‘ಅಮ್ಮಾರ, ನಾ ನೋಡೇ...’ ಎಂದು ಶುರುಮಾಡಿದ ಪರಮಾನಂದ. ಪಕ್ಕದಲ್ಲಿ ಪ್ರಸನ್ನ ಕಿವಿ ನಿಮಿರಿಸಿ ನಿಂತಿದ್ದರು. ವಾಕ್ಯ ಅಲ್ಲಿಗೇ ನಿಂತಿತು. ಫೋನಿನ ಆ ತುದಿಯಲ್ಲಿ ಮಹಾದೇವಿ ಮೂಗು ಸೆಳೆಯುವ ಸದ್ದು ಕೇಳಿಸಿತು.

ಮೂರು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ಸೊಣ್ಣಪ್ಪ ಬಂದರು. ಆನೇಕಲ್ ಕಡೆಯವರು, ನಿವೃತ್ತಿಗೆ ಎಂಟು ತಿಂಗಳಿತ್ತು. ಕುರ್ಚಿಯಲ್ಲಿ ಕೂತು, ಟೋಪಿ ತೊಡೆಯ ಮೇಲಿಟ್ಟುಕೊಂಡು, ಪುಸ್ತಕ ಬಿಡಿಸಿದರು.

‘ಮಾಲು ಏನ್ ಸಾರ್?’

‘ಚಂದ್ರನ ಕಲ್ಲಿನ ಕಣ. ಒಂದು,’ ಎಂದರು ಪ್ರಸನ್ನ.

ಸೊಣ್ಣಪ್ಪನವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಅವರು ಎಮ್ಮೆಯ ಕಳವು, ಬೋರ್‌ವೆಲ್ಲಿನ ಕಳವು, ಒಮ್ಮೆ ಒಂದು ಬಸ್ ಸ್ಟಾಪಿನ ಕಳವನ್ನೂ ಬರೆದುಕೊಂಡವರು. ‘ಅಳತೆ?’

‘ಅರ್ಧ ಮಿಲಿಮೀಟರ್.’

‘ಬಣ್ಣ ಬಿಳಿ. ಬೆಲೆ?’

‘ಅದಕ್ಕೆ ಬೆಲೆ ಕಟ್ಟೋಕಾಗಲ್ಲ.’

‘ಕಟ್ಟಲೇಬೇಕು ಸಾರ್. ಕಾಲಂ ಖಾಲಿ ಬಿಟ್ರೆ ನಮ್ ಸಾಯೇಬ್ರು ವಾಪಸ್ ಆಕ್ತಾರೆ.’

‘ಅದು ಮುನ್ನೂರೈವತ್ತು ಕೋಟಿ ವರ್ಷ ಹಳೇದು ರೀ!’

‘ಅಂಗಾದ್ರೆ ಸೆಕೆಂಡ್ ಹ್ಯಾಂಡು,’ ಎನ್ನುತ್ತ ಸೊಣ್ಣಪ್ಪ ಬರೆದುಕೊಂಡರು. ‘ಕೊನೇದಾಗಿ ಮಾಲನ್ನ ಕಣ್ಣಾರೆ ನೋಡಿದ್ದು ಯಾರು?’

ಪ್ರಸನ್ನ ರಿಜಿಸ್ಟರನ್ನು ಮುಂದೆ ತಳ್ಳಿದರು. ಸೊಣ್ಣಪ್ಪ ಬೆರಳಿಟ್ಟು ಓದಿದರು. ದಿನಾಂಕದ ಹತ್ತಿರ ಬೆರಳು ನಿಂತಿತು. ಪೆನ್ನು ಕೆಳಗಿಟ್ಟರು.

‘ನೆನ್ನೆ ಚೌತಿ ಅಲ್ವಾ ಸಾರ್?’

ಪಕ್ಕದ ಶೆಡ್ಡಿನ ಪ್ರೆಸ್ಸು ಎರಡು ಸಲ ಬಡಿಯಿತು.

‘ಚೌತಿ ದಿನ ಚಂದ್ರನ್ನ ನೋಡಿದವರ ತಲೆಗೇ ಕಳ್ತನ ಬರೋದು. ಇದು ನಾನೇಳೋ ಮಾತಲ್ಲ, ದೇವರನ್ನೇ ಬಿಡ್ಲಿಲ್ಲ ಅದು,’ ಎಂದು ಸೊಣ್ಣಪ್ಪ ಬಹಳ ಗಂಭೀರವಾಗಿ ಹೇಳಿದರು. ‘ಈಗ ಒಬ್ಬೊಬ್ಬರಾಗಿ ಯೋಳಿ. ನೆನ್ನೆ ಯಾರ್ಯಾರು ನೋಡಿದ್ರಿ?’

‘ಛೆ ಛೆ, ನಾನು ನೋಡಿಲ್ಲಪ್ಪ!’ ಎಂದರು ಸಿದ್ದರಾಮಪ್ಪ. ಮಾತು ಅವರನ್ನು ಕೇಳದೇ ಹೊರಬಿದ್ದಿತ್ತು. ‘ಕಣ್ಣು ಮುಚ್ಕೊಂಡು ಓಂ ನಮಃ ಶಿವಾಯ ಅಂತ ಐದು ನಿಮಿಷ ಕೂತು ಬಂದೆ. ನನ್ನನ್ನ ಎಳೀಬೇಡಿ ಇದಕ್ಕೆ.’

‘ನಾನೂ ನೋಡಿಲ್ಲ!’ ಎಂದರು ಪ್ರಸನ್ನ. ಒಂದು ಕ್ಷಣ ತಡೆದು, ‘ಐ ಡೋಂಟ್ ಬಿಲೀವ್ ಆಲ್ ದಿಸ್. ಆದ್ರೆ ನಮ್ಮ ಅತ್ತೆ ಕಾರಲ್ಲೇ ಕೂತಿದ್ರು. ಪ್ರಾಮಿಸ್ ಮಾಡಿಸ್ಕೊಂಡಿದ್ರು. ಲೈಟ್ ಹಾಕ್ಲಿಲ್ಲ, ಫೋನ್ ನೋಡ್ಕೊಂಡು ನಿಂತಿದ್ದೆ,’ ಎಂದರು.

ಸೊಣ್ಣಪ್ಪ ಪರಮಾನಂದನ ಕಡೆ ನೋಡಿದರು.

‘ನೋಡಿಲ್ರಿ,’ ಎಂದ ಪರಮಾನಂದ. ಬೇಡ ಬೇಡವೆಂದರೂ ಕಣ್ಣಲ್ಲಿ ನೀರು ಬಂತು. ‘ಖರೇನ ನೋಡಿಲ್ರಿ. ಸುಳ್ಳ ಸಹಿ ಹಾಕೀನಿ. ತಪ್ಪಾತು.’

ಸೊಣ್ಣಪ್ಪ ರಿಜಿಸ್ಟರನ್ನು ಮೂವರ ಕಡೆಗೂ ತಿರುಗಿಸಿ ಹಿಡಿದರು. ಎಣಿಸಿದವರು, 12, ಸಹಿ. ಪರಿಶೀಲಿಸಿದವರು, 12, ಸಹಿ. ದೃಢೀಕರಿಸಿದವರು, 12, ಸಹಿ. ಅದರ ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ ‘ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ಕಂಡು ಖಚಿತಪಡಿಸಲಾಗಿದೆ’. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಮೂವರೂ ಒಟ್ಟಿಗೆ ಮುಟ್ಟಿಕೊಂಡಾಗಿತ್ತು. ಸ್ಪೂರ್ತಿ ಒಬ್ಬೊಬ್ಬರ ಮುಖವನ್ನೂ ನೋಡಿ, ಮೇಜಿನ ಮೇಲೆ ತಲೆಯಿಟ್ಟಳು.

‘ಈಗ ಕಂಪ್ಲೇಂಟು ಯಾರ ಮೇಲೆ ಬರ್ಕೊಳ್ಳಿ?’ ಎಂದು ಸೊಣ್ಣಪ್ಪ ಕೇಳಿದರು. ಪುಸ್ತಕ ಮಡಿಸಿ, ‘ನಾನು ಟೀ ಕುಡ್ಕೊಂಡ್ ಬತ್ತೀನಿ. ಅಷ್ಟ್ರೊಳ್ಗೆ ತೀರ್ಮಾನ ಮಾಡ್ಕೊಳ್ಳಿ. ಬನ್ನಿ ಮೇಡಂ, ನೀವೂ ಬೆಳಿಗ್ಗೆಯಿಂದ ಏನೂ ತಿಂದಂಗಿಲ್ಲ,’ ಎಂದು ಸ್ಪೂರ್ತಿಯನ್ನೂ ಕರೆದುಕೊಂಡು ಎದುರಿನ ಬೇಕರಿಗೆ ಹೋದರು.

ನಾಲ್ಕೂ ಕಾಲಾಗಿತ್ತು. ಐದಕ್ಕೆ ವಿಡಿಯೋ.

ಇಲ್ಲಿಯವರೆಗೆ ಕಳ್ಳತನ ಆಗಿರಲಿಲ್ಲ. ಆಗುವುದಕ್ಕೆ ಶುರುವಾದದ್ದು ಈಗ. ಪ್ರಸನ್ನ ಮತ್ತು ಸಿದ್ದರಾಮಪ್ಪ ಮೂಲೆಯಲ್ಲಿ ನಿಂತು ಗುಸುಗುಸು ಮಾತಾಡಿಕೊಂಡರು. ಆಮೇಲೆ ಪ್ರಸನ್ನ ಗಾಜಿನ ಪಟ್ಟಿಗಳನ್ನು ತಡಕಾಡಿ, ಪರಮಾನಂದನ ಚಪ್ಪಲಿಯಿಂದ ಬಂದಿದ್ದ ಅರವತ್ತೊಂದನೇ ಕಣವನ್ನು ಆರಿಸಿದರು. ಬಿಳಿಯದು, ಅಳತೆ ಸರಿಯಾಗಿತ್ತು.

‘ಪರಮಾನಂದ, ಬಾಪ್ಪಾ ಇಲ್ಲಿ,’ ಎಂದರು ಸಿದ್ದರಾಮಪ್ಪ. ದನಿ ಮತ್ತೆ ಹಳೆಯ ದನಿಯಾಗಿತ್ತು. ‘ಇದನ್ನ ಎಂಟನೇ ಗುಳೀಲಿ ಇಟ್ಬಿಡು. ಇವತ್ತು ಅವ್ರು ವಿಡಿಯೋದಲ್ಲಿ ಎಣಿಸ್ತಾರೆ ಅಷ್ಟೇ. ನಮ್ಮ ಮೂವರ ಕೆಲಸಾನೂ ಉಳಿಯತ್ತೆ. ನಿನ್ನ ಮೇಲೆ ಕಂಪ್ಲೇಂಟೂ ಇಲ್ಲ, ಸಂಜೆ ಆರಾಮಾಗಿ ಮನೆಗೆ ಹೋಗು.’

‘ಇದು ನನ್ನ ಚಪ್ಪಲಿ ಮಣ್ಣ ಐತ್ರಿ ಸಾವ್ಕಾರ್ರ.’

‘ಯಾರಿಗ್ಗೊತ್ತಾಗತ್ತೆ?’

ಪ್ರಸನ್ನ ತಾವೇ ಒತ್ತಿದ್ದ ಅರಗಿನ ಸೀಲನ್ನು ತಾವೇ ಮುರಿದು, ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರು. ಅಷ್ಟು ಸಣ್ಣ ಕಣವನ್ನು ಗುಳಿಗೆ ಇಳಿಸುವ ಕೈ ಆ ಕಟ್ಟಡದಲ್ಲಿ ಒಂದೇ ಇತ್ತು. ಪರಮಾನಂದನಿಗೆ ಮಹಾದೇವಿಯ ಮುಖ ನೆನಪಾಯಿತು, ವಠಾರದ ಬಾಗಿಲಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಕೃಷ್ಣಮ್ಮ ನೆನಪಾದರು. ಬೀಗ ತೆಗೆದ. ಒಂದೇ ಕೂದಲಿನ ಬ್ರಷ್ಷಿನ ತುದಿಗೆ ಅರವತ್ತೊಂದನೇ ಕಣವನ್ನು ಅಂಟಿಸಿಕೊಂಡ. ಹದಿನಾರು ವರ್ಷದಲ್ಲಿ ಮೊದಲ ಸಲ ಅವನ ಕೈ ನಡುಗಿತು.

ಕಣ್ಣು ಮೈಕ್ರೋಸ್ಕೋಪಿಗೆ ಒತ್ತಿದ. ಎಂಟನೇ ಗುಳಿ ಹುಡುಕಲು ಒಂದರಿಂದ ಮೆಲ್ಲಗೆ ಸರಿಸಿಕೊಂಡು ಬಂದ. ಆರು. ಏಳು. ಏಳರಲ್ಲಿ ನಿಂತ.

ಏಳನೆಯದು ಇದ್ದಿಲಿನಷ್ಟು ಕಪ್ಪಗಿನ ಕಣ. ಅದು ಅವನಿಗೆ ಚೆನ್ನಾಗಿ ಗೊತ್ತು, ಮೂರು ವಾರ ದಿನಾ ನೋಡಿದ್ದ. ಈಗ ಅದರ ಪಕ್ಕೆಗೆ ಹಾಲುಬಿಳುಪಿನ ಇನ್ನೊಂದು ಚೂರು ಆತುಕೊಂಡಿತ್ತು. ದೂರದಿಂದ, ಗಾಬರಿಯಲ್ಲಿ, ಒಂದೇ ಕಲ್ಲಿನ ಎರಡು ಬಣ್ಣ ಎನ್ನಿಸಬಹುದು. ಕ್ವಾರಿಯವನ ಮಗನಿಗೆ ಹಾಗೆ ಅನ್ನಿಸಲಿಲ್ಲ. ಒಂದು ಕಲ್ಲಾದರೆ ನಡುವೆ ಗೆರೆ ಬೆರೆಯುತ್ತದೆ, ಇಲ್ಲಿ ಬೆಳಕು ತೂರಿ ಬರುತ್ತಿತ್ತು. ಸ್ಪೂರ್ತಿ ತೋರಿಸಿದ್ದ ಬೆಳಕನ್ನು ಹಾಕಿ ತಟ್ಟೆಯನ್ನು ತಿರುಗಿಸಿದ. ಬಿಳಿಯ ಚೂರಿನ ಮೈಮೇಲೆ ಕಪ್ಪು ಬಿಳಿ ಪಟ್ಟಿಗಳು ಒಂದೊಂದಾಗಿ ಎದ್ದು ಬಂದವು.

‘ಬೇಗ ಇಡ್ರೀ, ಅವ್ರು ಬರ್ತಾರೆ!’ ಎಂದರು ಪ್ರಸನ್ನ.

ಪರಮಾನಂದ ಬ್ರಷ್ಷನ್ನು ಹಿಂದಕ್ಕೆ ತೆಗೆದ. ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂತು. ಬೆಳಿಗ್ಗೆಯಿಂದ ಕೊಡವಿಸಿಕೊಂಡ ಒಂದೊಂದು ಜೇಬಿನ ಸಿಟ್ಟು.

‘ಇದನ್ನ ಎಲ್ಲಿ ಇಡ್ಲಿ ಸರ? ಎಂಟನೇದು ಏಳರಾಗ ಕುಂತೈತಿ.’

‘ಏನು?’

‘ನಿನ್ನೆ ಕಾಯಿ ಕುಟ್ಟಿದ್ರಲ್ರಿ ಸಾವ್ಕಾರ್ರ, ಮೂರು ಸಲ. ಜಿಗದು ಬಾಜೂ ಗುಳಿಗಿ ಹೋಗೇತಿ. ನೀವು ಗುಳಿ ಎಣಿಸಿದ್ರಿ ಸರ, ಕಲ್ಲ ಎಣಿಸಲಿಲ್ಲ. ಖಾಲಿ ಗುಳಿ ಕಂಡಕೂಡ್ಲೆ ಸೀಲ್ ಹೊಡದ್ರಿ. ಮುಂಜಾನೆಯಿಂದ ನನ್ನ ರೊಟ್ಟಿ ಅರಿವಿ ಒಳಗ ಚಂದ್ರನ್ನ ಹುಡಿಕಿದ್ರಿ. ಅದು ಇಲ್ಲೇ ಐತಿ.’ ಬ್ರಷ್ಷನ್ನು ಅವರ ಮೂಗಿನ ಹತ್ತಿರ ಹಿಡಿದ. ‘ಇದನ್ನ ಇಟ್ಟಿದ್ರ ಅದು ಕಳ್ಳತನ ಆಗತಿತ್ತು. ಮಾಡಿಸೂವ್ರು ನೀವು, ಮಾಡೂವ ನಾನು.’

ಸಿದ್ದರಾಮಪ್ಪನವರು ಕೂತುಬಿಟ್ಟರು. ಬಾಗಿಲಲ್ಲಿ ಸೊಣ್ಣಪ್ಪ ಮತ್ತು ಸ್ಪೂರ್ತಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ಸ್ಪೂರ್ತಿ ಓಡಿ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ತಟ್ಟೆಯನ್ನು ಎರಡು ಸುತ್ತು ತಿರುಗಿಸಿ, ‘ಅದೇ. ಇಳಕಲ್ ದಡಿ!’ ಎಂದು ಕೂಗಿದಳು. ಪರಮಾನಂದ ಅರವತ್ತೊಂದನೇ ಕಣವನ್ನು ತನ್ನ ಚಪ್ಪಲಿಗೇ ಕೊಡವಿ, ಬ್ರಷ್ಷು ತೊಳೆದು, ಎಂಟನೆಯದನ್ನು ಎಂಟಕ್ಕೆ ಎತ್ತಿಟ್ಟ. ಕೈ ನಡುಗಲಿಲ್ಲ.

ಐದು ಗಂಟೆಗೆ ಹೊರದೇಶದವರು ಹನ್ನೆರಡನ್ನೂ ನೋಡಿ ತೃಪ್ತರಾದರು. ಸೊಣ್ಣಪ್ಪನವರು ಪುಸ್ತಕದಲ್ಲಿ ಮಾಲು ಮಾಲಿನ ಪಕ್ಕದಲ್ಲೇ ಪತ್ತೆಯಾಯಿತು ಎಂದು ಬರೆದು, ಟೋಪಿ ಹಾಕಿಕೊಂಡು ಹೊರಟರು. ಆವತ್ತಿನ ರಿಜಿಸ್ಟರು ಬಂತು. ಪ್ರಸನ್ನ ಪೆನ್ನು ತೆಗೆದು, ದೃಢೀಕರಿಸಿದವರು ಎಂಬಲ್ಲಿ ಸಹಿ ಹಾಕಲು ಹೋದರು.

‘ತಡೀರಿ ಸರ,’ ಎಂದ ಪರಮಾನಂದ. ‘ನಾ ಇನ್ನಾ ಎಣಿಸಿಲ್ಲ.’

ಒಂದೊಂದು ಗುಳಿಯ ಮುಂದೂ ಅವನು ಒಂದೊಂದು ನಿಮಿಷ ಕೂತ. ಪ್ರಸನ್ನ ಗಡಿಯಾರ ನೋಡಿದರು, ಸಿದ್ದರಾಮಪ್ಪ ಕೆಮ್ಮಿದರು. ಆಮೇಲೆ ಅವರಿಬ್ಬರನ್ನೂ ಒಬ್ಬೊಬ್ಬರಾಗಿ ಕೂರಿಸಿ, ಒಂದರಿಂದ ಹನ್ನೆರಡರವರೆಗೆ ಬಾಯಿಬಿಟ್ಟು ಎಣಿಸುವ ತನಕ ಪೆನ್ನು ಕೊಡಲಿಲ್ಲ.

ಮನೆಗೆ ಬಂದಾಗ ಏಳಾಗುತ್ತಿತ್ತು. ವಠಾರದ ಬಾಗಿಲಲ್ಲೇ ಕೃಷ್ಣಮ್ಮ ಅಡ್ಡ ನಿಂತರು. ಸಿಕ್ಕಿತೆಂದು ಹೇಳಿದರೂ ದಾರಿ ಬಿಡಲಿಲ್ಲ. ‘ಅದಿರ್ಲಿ. ನೆನ್ನೆ ನೀನು ನೋಡಿದ್ಯೋ ಇಲ್ವೋ, ಅದನ್ನೇಳು ಮೊದ್ಲು.’

‘ನೋಡಿಲ್ರಿ ಅಮ್ಮಾರ. ನೋಡದ ಸಹಿ ಹಾಕಿದ್ನಿ, ಅದಕ್ಕ ಕಳ್ಳ ಅನ್ನಿಸ್ಕೊಂಡ್ನಿ.’

ಕೃಷ್ಣಮ್ಮನವರ ಶಾಸ್ತ್ರದಲ್ಲಿ ಇದಕ್ಕೆ ಜಾಗವಿರಲಿಲ್ಲ. ‘ಮುಂದಿನ್ ಸಲ ರಜಾ ಆಕ್ಬುಡಪ್ಪ,’ ಎಂದು ದಾರಿ ಬಿಟ್ಟರು.

ಮಹಾದೇವಿ ಮೇಲೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅತ್ತ ಕಣ್ಣುಗಳು ಇನ್ನೂ ಊದಿಕೊಂಡಿದ್ದವು. ಪರಮಾನಂದ ನಡೆದದ್ದನ್ನೆಲ್ಲ ಹೇಳಿದ. ಕಣ್ಣು ಮುಚ್ಚಿ ಸಹಿ ಹಾಕಿದ್ದನ್ನೂ, ಚಪ್ಪಲಿಯ ಮಣ್ಣು ಬ್ರಷ್ಷಿನ ತುದಿಯವರೆಗೆ ಬಂದಿದ್ದನ್ನೂ ಬಿಡಲಿಲ್ಲ. ಅವಳು ಬೈಯಲಿಲ್ಲ. ಮಡಿಸಿದ ಬಟ್ಟೆಯನ್ನು ಅವನ ಕೈಗೆ ಕೊಡುತ್ತ ಹೋದಳು. ಕಾರ್ಖಾನೆಯ ಶೆಡ್ಡುಗಳ ಆಚೆ, ಪಶ್ಚಿಮದಲ್ಲಿ, ಪಂಚಮಿಯ ಚಂದ್ರ ಕೆಳಗಿಳಿಯುತ್ತಿದ್ದ.

‘ಇವತ್ತು ನೋಡಬಹುದಲ್ರಿ?’ ಎಂದಳು.

‘ನೋಡಬಹುದು.’

‘ಎಷ್ಟದಾವ?’

‘ಒಂದ,’ ಎಂದ ಪರಮಾನಂದ, ಬಟ್ಟೆಯ ರಾಶಿಯಿಂದ ತಲೆಯೆತ್ತದೆ.

‘ನೋಡಿ ಹೇಳಿದ್ರೋ, ಹಂಗ ಹೇಳಿದ್ರೋ?’

ಪರಮಾನಂದ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟು, ತಲೆಯೆತ್ತಿ, ಆ ಕಡೆಯಿಂದ ಈ ಕಡೆಯವರೆಗೆ ಆಕಾಶವನ್ನೆಲ್ಲ ಒಮ್ಮೆ ನೋಡಿದ.

‘ಒಂದ,’ ಎಂದ.